ಹುಲ್ಲುಗಾವಲಿಗೆ ಬೇಗ ಬೆಂಕಿ ಹಾಕಿ ಕಾರ್ಬನ್ ಕ್ರೆಡಿಟ್ ಗಳಿಸೋದು ಹೇಗೆ? ಶುರುವಿಂದ ಕೊನೇವರೆಗೂ

ಬೆಂಕಿ ಹಾಕಿದ್ರೆ ದುಡ್ಡು ಬರತ್ತೆ ಅಂದ್ರೆ ನಮ್ಮಲ್ಲಿ ಯಾರೂ ಒಪ್ಪಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹತ್ತಿ ಉರಿದಿದ್ದನ್ನ ಟಿವಿಯಲ್ಲಿ ನೋಡಿದವ್ರಿಗೆ, ಬೇಸಿಗೆಯಲ್ಲಿ ಹೆಸರಘಟ್ಟದ ಕಡೆ ಗಾಡೀಲಿ ಹೋಗುವಾಗ ಕರಿ ಕಟ್ಟಿದ ಹುಲ್ಲು ನೋಡಿದವ್ರಿಗೆ ಬೆಂಕಿ ಅಂದ್ರೆ ನಷ್ಟ, ಅಷ್ಟೇ. ಆದ್ರೆ ಉತ್ತರ ಆಸ್ಟ್ರೇಲಿಯಾದಲ್ಲಿ ಅಲ್ಲಿನ ಮೂಲನಿವಾಸಿಗಳು ಸುಮಾರು ಇಪ್ಪತ್ತು ವರ್ಷದಿಂದ ಸವನ್ನಾಗೆ ತಾವೇ ಬೆಂಕಿ ಹಾಕಿ ಅದರಿಂದ ಆದಾಯ ಪಡೀತಿದಾರೆ, ಅದೂ ಸರ್ಕಾರದ ಕಾನೂನಿನ ಒಳಗೇ. ಆ ದುಡ್ಡು ಬರೋದು ಕಾರ್ಬನ್ ಕ್ರೆಡಿಟ್ ಮಾರಿ, ಅಂದ್ರೆ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊಗೆ ತಡೆದಿದ್ದಕ್ಕೆ ಸಿಗೋ, ಮಾರಬಹುದಾದ ಒಂದು ಯೂನಿಟ್. ಬೆಂಗಳೂರಲ್ಲಿ ಜಿಐಎಸ್ (ಕಂಪ್ಯೂಟರ್ ಮ್ಯಾಪಿಂಗ್) ಕೆಲಸದಲ್ಲಿರೋರು, ಕಂಪನಿಗಳ ಸಸ್ಟೈನಬಿಲಿಟಿ ಟೀಮ್‌ನೋರು, ಊರಲ್ಲಿ ಜಮೀನಿದೆ ಕಾರ್ಬನ್ ಕ್ರೆಡಿಟ್ ಮಾಡಿಸೋಣ ಅಂತ ಓಡಾಡ್ತಿರೋರು, ಮೂರೂ ಥರದ ಜನ ಇದನ್ನ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದೇ ಕಡೆ ಬರೆದಿಡ್ತಿದೀನಿ. ಸ್ವಲ್ಪ ಉದ್ದ ಇದೆ, ಆದ್ರೆ ಲೆಕ್ಕದ ಭಾಗ ಮಾತ್ರ ಬಿಡ್ಬೇಡಿ, ಅದು ಅರ್ಥ ಆಗ್ದೆ ಇದ್ರೆ ಉಳಿದಿದ್ದೆಲ್ಲ ತಪ್ಪಾಗೇ ಅರ್ಥ ಆಗತ್ತೆ.

ಮೊದಲು, ದುಡ್ಡು ಯಾವುದಕ್ಕೆ ಕೊಡ್ತಾರೆ ಅಂತ

ಸವನ್ನಾ ಅಂದ್ರೆ ಹುಲ್ಲಿನ ನಡುವೆ ಅಲ್ಲಲ್ಲಿ ಮರ ಇರೋ ನಾಡು. ಮಳೆಗಾಲದಲ್ಲಿ ಹುಲ್ಲು ಆಳೆತ್ತರ ಬೆಳೆಯತ್ತೆ, ಮಳೆ ನಿಂತ ಮೇಲೆ ಒಣಗತ್ತೆ, ಯಾವತ್ತಾದ್ರೂ ಒಂದಿನ ಉರಿದೇ ಉರಿಯತ್ತೆ. ಉರಿಯೋದನ್ನ ಪೂರ್ತಿ ತಡೆಯೋಕೆ ಆಗಲ್ಲ, ಯಾವಾಗ ಉರೀಬೇಕು ಅನ್ನೋದಷ್ಟೇ ನಮ್ಮ ಕೈಯಲ್ಲಿರೋದು. ಉತ್ತರ ಆಸ್ಟ್ರೇಲಿಯಾದಲ್ಲಿ ಮಳೆಗಾಲ ನವೆಂಬರ್‌ನಿಂದ ಏಪ್ರಿಲ್ ತನಕ, ಆಮೇಲೆ ಒಣಗಾಲ. ಒಣಗಾಲದ ಶುರುವಲ್ಲಿ ಹುಲ್ಲು ಅರ್ಧ ಹಸಿ ಇರತ್ತೆ, ನೆಲದಲ್ಲಿ ತೇವ ಇರತ್ತೆ, ರಾತ್ರಿ ಇಬ್ಬನಿ ಬೀಳತ್ತೆ. ಆವಾಗ ಹಾಕಿದ ಬೆಂಕಿ ಮೊಣಕಾಲೆತ್ತರ ಉರ್ಕೊಂಡು ಅಲ್ಲಲ್ಲಿ ಬಿಟ್ಟು ಬಿಟ್ಟು ಸುಡತ್ತೆ, ಕತ್ತಲಾದ್ಮೇಲೆ ಇಬ್ಬನಿಗೆ ತಾನೇ ಆರೋಗತ್ತೆ. ಅದೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಿಡಿಲಿಗೋ ಯಾರದೋ ಅಜಾಗರೂಕತೆಗೋ ಹತ್ತಿದ್ರೆ ವಾರಗಟ್ಟಲೆ ಉರಿಯತ್ತೆ, ಬಿದ್ದ ದಿಮ್ಮಿ, ಪೊದೆ, ಮರದ ಎಲೆ ಎಲ್ಲ ಹೋಗತ್ತೆ. ಮೊದಲೇ ತುಂಡು ತುಂಡಾಗಿ ಸುಟ್ಟಿದ್ರೆ ಆ ದೊಡ್ಡ ಬೆಂಕಿ ಬಂದಾಗ ಅದಕ್ಕೆ ಮುಂದಕ್ಕೆ ಹೋಗೋಕೆ ಹುಲ್ಲೇ ಸಿಗಲ್ಲ.

ಕ್ರೆಡಿಟ್ ಸಿಗೋದು ಈ ವ್ಯತ್ಯಾಸಕ್ಕೆ. ಹಳೇ ಹತ್ತು-ಹದಿನೈದು ವರ್ಷ ನಿಮ್ಮ ಜಾಗ ಸರಾಸರಿ ಎಷ್ಟು ಹೊಗೆ ಬಿಡ್ತಿತ್ತು, ಈಗ ಎಷ್ಟು ಬಿಡ್ತಿದೆ, ಮಧ್ಯದ ಕಡಿತ ಎಷ್ಟೋ ಅಷ್ಟು. ಇಲ್ಲಿ ಲೆಕ್ಕಕ್ಕೆ ಬರೋದು ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಮಾತ್ರ. ಇಂಗಾಲದ ಡೈಆಕ್ಸೈಡ್ ಸೇರಿಸಲ್ಲ, ಯಾಕಂದ್ರೆ ಮುಂದಿನ ಮಳೆಗೆ ಹುಲ್ಲು ಮತ್ತೆ ಬೆಳೆದು ಅದನ್ನ ವಾಪಸ್ ಎಳ್ಕೊಳತ್ತೆ ಅಂತ ಹಿಡೀತಾರೆ. ಮೀಥೇನ್ ವಾಪಸ್ ಬರಲ್ಲ, ನೈಟ್ರಸ್ ಆಕ್ಸೈಡೂ ಬರಲ್ಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನ್ 28 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ, ಒಂದು ಟನ್ ನೈಟ್ರಸ್ ಆಕ್ಸೈಡ್ 265 ಟನ್‌ಗೆ ಸಮ.

ಹೆಜ್ಜೆ 1: ಜಾಗ ಅರ್ಹವಾ ನೋಡಿ

ಆಸ್ಟ್ರೇಲಿಯಾದ ನಿಯಮದಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳೋ ಉತ್ತರದ ಸವನ್ನಾ ಮಾತ್ರ ಅರ್ಹ. 600ರಿಂದ 1000 ಒಂದು ವಲಯ, 1000ಕ್ಕಿಂತ ಮೇಲೆ ಇನ್ನೊಂದು. ಅಂದಾಜು ಸಿಗ್ಲಿ ಅಂತ ಹೇಳ್ತೀನಿ, ನಮ್ಮ ಬೆಂಗಳೂರಿನ ಮಳೆ ಸಾವಿರದ ಹತ್ತತ್ರ ಬರತ್ತೆ. ಜಾಗದಲ್ಲಿರೋ ಸಸ್ಯವರ್ಗವೂ ನಿಯಮದ ಪಟ್ಟಿಯಲ್ಲಿರೋ ಬಗೆಯದ್ದೇ ಆಗಿರ್ಬೇಕು. ಗ್ಯಾಂಬಾ ಹುಲ್ಲು ಅಂತ ಆಫ್ರಿಕಾದಿಂದ ಮೇವಿಗೆ ತಂದು ಬೆಳೆಸಿದ್ದು ಈಗ ಅಲ್ಲಿ ಕಳೆಯಾಗಿ ಹಬ್ಬಿದೆ, ಅದು ಇದ್ರೆ ಬೆಂಕಿಯ ತೀವ್ರತೆ ಪೂರ್ತಿ ಬದಲಾಗೋದ್ರಿಂದ ಮಾಮೂಲಿ ಲೆಕ್ಕ ನಡಿಯಲ್ಲ.

ಇನ್ನು ಅಳತೆ. ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ. ಈ ಕೆಲಸದ ಮೊದಲ ದೊಡ್ಡ ಪ್ರಾಜೆಕ್ಟ್ ಉತ್ತರ ಆಸ್ಟ್ರೇಲಿಯಾದ ಪಶ್ಚಿಮ ಆರ್ನೆಮ್ ಲ್ಯಾಂಡ್‌ನದ್ದು, ಸುಮಾರು 28,000 ಚದರ ಕಿಲೋಮೀಟರ್. 2006ರಲ್ಲಿ ಕೊನೊಕೊಫಿಲಿಪ್ಸ್ ಅನ್ನೋ ತೈಲ ಕಂಪನಿ ಅಲ್ಲಿನ ಪಟ್ಟಣ ಡಾರ್ವಿನ್‌ನ ತನ್ನ ಗ್ಯಾಸ್ ಘಟಕದ ಹೊರಸೂಸುವಿಕೆಗೆ ಬದಲಾಗಿ 17 ವರ್ಷ, ವರ್ಷಕ್ಕೆ ಸುಮಾರು 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡೋ ಒಪ್ಪಂದ ಮಾಡ್ಕೊಳ್ತು. ಗುರಿ ವರ್ಷಕ್ಕೆ 1 ಲಕ್ಷ ಟನ್ ಕಡಿತ. ಈಗ ಭಾಗಿಸಿ ನೋಡಿ: 28 ಲಕ್ಷ ಹೆಕ್ಟೇರ್‌ಗೆ 1 ಲಕ್ಷ ಟನ್ ಅಂದ್ರೆ ಹೆಕ್ಟೇರ್‌ಗೆ ವರ್ಷಕ್ಕೆ 36 ಕಿಲೋ. ಕಿಲೋ, ಟನ್ ಅಲ್ಲ. ನಿಮ್ಮ ಹತ್ರ ಅದೇ ಥರದ ಹತ್ತು ಎಕರೆ ಇದ್ರೆ ಅದು ನಾಲ್ಕು ಹೆಕ್ಟೇರ್, ವರ್ಷಕ್ಕೆ 144 ಕಿಲೋ, ಒಂದು ಕ್ರೆಡಿಟ್‌ಗೆ ಬೇಕಾದ ಒಂದು ಟನ್ ಆಗೋಕೇ ಏಳು ವರ್ಷ. ಕ್ರೆಡಿಟ್‌ಗೆ 35 ಆಸ್ಟ್ರೇಲಿಯನ್ ಡಾಲರ್ ಅಂದ್ರೂ ವರ್ಷಕ್ಕೆ ಮುನ್ನೂರು ರೂಪಾಯಿ ಆಸುಪಾಸು. ಹಾಗಾಗಿ ಇದು ಸಾವಿರಾರು ಚದರ ಕಿಲೋಮೀಟರ್‌ ಜಾಗ ಸಮುದಾಯದ ಕೈಯಲ್ಲಿದ್ದಾಗ ಮಾತ್ರ ಗಿಟ್ಟೋ ಕೆಲಸ. ತುಮಕೂರು ಕಡೆಯೋ ಚಾಮರಾಜನಗರ ಕಡೆಯೋ ಯಾರಾದ್ರೂ ಬಂದು ನಿಮ್ಮ ಐದೆಕರೆ ಹುಲ್ಲಿಗೆ ಫೈರ್ ಮ್ಯಾನೇಜ್‌ಮೆಂಟ್ ಕ್ರೆಡಿಟ್ ಮಾಡಿಸಿಕೊಡ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂದ್ರೆ ಈ ಭಾಗಾಕಾರ ಅವರ ಮುಂದೆನೇ ಮಾಡಿ ತೋರಿಸಿ.

ಹೆಜ್ಜೆ 2: ಹಕ್ಕು ಮತ್ತು ಒಪ್ಪಿಗೆ

ಜಾಗದ ಮೇಲೆ ಬೆಂಕಿ ಹಾಕೋ ಕಾನೂನುಬದ್ಧ ಹಕ್ಕು ಬೇಕು, ಕ್ರೆಡಿಟ್ ಪಡೆಯೋ ಹಕ್ಕು ಬೇಕು, ಜಾಗದಲ್ಲಿ ಹಿತಾಸಕ್ತಿ ಇರೋ ಬೇರೆಯವರ ಲಿಖಿತ ಒಪ್ಪಿಗೆ ಬೇಕು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಭೂಹಕ್ಕನ್ನ ಕಾನೂನು ಒಪ್ಕೊಂಡಿರೋದ್ರಿಂದನೇ ಇದು ಸಾಧ್ಯ ಆಯ್ತು. ಆರ್ನೆಮ್ ಲ್ಯಾಂಡ್‌ನ ಪ್ರಾಜೆಕ್ಟ್‌ಗಳನ್ನ ಈಗ ನಡೆಸ್ತಿರೋ ಆಲ್ಫಾ ಅನ್ನೋ ಸಂಸ್ಥೆಯ ಮಾಲೀಕರು ಮೂಲನಿವಾಸಿಗಳೇ, ನೆಲದ ಮೇಲೆ ಕೆಲಸ ಮಾಡೋರು ವಾರ್ಡಕೆನ್, ಜೆಲ್ಕ್ ಥರದ ರೇಂಜರ್ ತಂಡಗಳು. ಈ ಹೆಜ್ಜೆಗೆ ವರ್ಷಗಟ್ಟಲೆ ಹಿಡಿಯತ್ತೆ. ಅವಸರ ಮಾಡಿ ಸಹಿ ಹಾಕಿಸ್ಕೊಂಡ ಪ್ರಾಜೆಕ್ಟ್ ಯಾವ ದೇಶದಲ್ಲೇ ಇರ್ಲಿ, ನಾನಂತೂ ಅದನ್ನ ಒಳ್ಳೇ ಪ್ರಾಜೆಕ್ಟ್ ಅನ್ನಲ್ಲ.

ಹೆಜ್ಜೆ 3: ಮ್ಯಾಪ್ ಮತ್ತು ಬೇಸ್‌ಲೈನ್

ಬೆಂಗಳೂರಿನ ಮ್ಯಾಪಿಂಗ್ ಹುಡುಗ್ರು ಹುಡುಗೀರಿಗೆ ಇಷ್ಟ ಆಗೋ ಭಾಗ ಇದು. ಮೂರು ಪದರ ಬೇಕು. ಒಂದು ಪ್ರಾಜೆಕ್ಟ್‌ನ ಗಡಿ. ಎರಡು ಸಸ್ಯವರ್ಗದ ಮ್ಯಾಪ್, ಎಲ್ಲಿ ಯಾವ ಥರದ ಮರ, ಕೆಳಗೆ ಯಾವ ಥರದ ಹುಲ್ಲು ಅಂತ. ಇದನ್ನ ಬರೀ ಉಪಗ್ರಹ ಚಿತ್ರ ನೋಡಿ ಮಾಡಿದ್ರೆ ಸಾಲಲ್ಲ, ನೆಲದ ಮೇಲೆ ಹೋಗಿ ಇಲ್ಲಾ ಹೆಲಿಕಾಪ್ಟರ್‌ನಿಂದ ನೋಡಿ ಪಾಯಿಂಟ್‌ಗಳನ್ನ ಹೊಂದಿಸಿ ನೋಡ್ಬೇಕು. ಮೂರು ಸುಟ್ಟ ಜಾಗಗಳ ಚರಿತ್ರೆ. ಅಲ್ಲಿ ನಾಫಿ ಅನ್ನೋ ಸೇವೆ ಉಪಗ್ರಹ ಚಿತ್ರದಿಂದ 250 ಮೀಟರ್ ಚೌಕಗಳಲ್ಲಿ ಪ್ರತಿ ವರ್ಷದ ಸುಟ್ಟ ಗುರುತುಗಳ ಮ್ಯಾಪ್ ಎಲ್ಲರಿಗೂ ಫ್ರೀಯಾಗಿ ಕೊಡತ್ತೆ, ಇದು ಇಲ್ದೆ ಇಡೀ ವ್ಯವಸ್ಥೆನೇ ನಿಲ್ತಿರ್ಲಿಲ್ಲ ಅನ್ಸತ್ತೆ.

ಇಲ್ಲಿ ಹೊಸಬರು ಎಡವೋ ಜಾಗ ಒಂದಿದೆ. ನಾಸಾದ ಬೆಂಕಿ ತೋರಿಸೋ ಸೈಟ್ ಫರ್ಮ್ಸ್‌ನಲ್ಲಿ ಕಾಣೋ ಕೆಂಪು ಚುಕ್ಕೆಗಳು ಆ ಕ್ಷಣ ಬಿಸಿಯಾಗಿದ್ದ ಜಾಗಗಳು, ಸುಟ್ಟ ವಿಸ್ತೀರ್ಣ ಅಲ್ಲ. ಉಪಗ್ರಹ ಮೇಲೆ ಹಾದು ಹೋಗುವಾಗ ಉರೀತಿದ್ರೆ ಚುಕ್ಕೆ ಬೀಳತ್ತೆ, ಇಲ್ದಿದ್ರೆ ಇಲ್ಲ. ಕ್ರೆಡಿಟ್ ಲೆಕ್ಕಕ್ಕೆ ಬೇಕಿರೋದು ಆಮೇಲೆ ನೆಲದ ಮೇಲೆ ಉಳಿಯೋ ಕರಿ ಗುರುತು. ಚುಕ್ಕೆ ಎಣಿಸಿ ಹೆಕ್ಟೇರ್ ಮಾಡೋಕೆ ಹೋಗ್ಬೇಡಿ.

ಬೇಸ್‌ಲೈನ್ ಅಂದ್ರೆ ಪ್ರಾಜೆಕ್ಟ್ ಶುರುವಾಗೋ ಮುಂಚಿನ ವರ್ಷಗಳ ಸರಾಸರಿ, ಜಾಸ್ತಿ ಮಳೆಯ ವಲಯಕ್ಕೆ 10 ವರ್ಷ, ಕಮ್ಮಿ ಮಳೆಯದಕ್ಕೆ 15. ವರ್ಷವನ್ನ ಎರಡು ಭಾಗ ಮಾಡ್ತಾರೆ: ಜುಲೈ 31ರೊಳಗೆ ಸುಟ್ಟಿದ್ದು ಬೇಗದ್ದು, ಆಗಸ್ಟ್ 1ರಿಂದಾಚೆಗೆ ತಡದ್ದು. ಗಮನಿಸಿ, ಮೊದಲಿಂದಲೂ ಚೆನ್ನಾಗಿ ಬೆಂಕಿ ನೋಡ್ಕೊಂಡು ಬಂದ ಜಾಗಕ್ಕೆ ಬೇಸ್‌ಲೈನೇ ಕಮ್ಮಿ ಇರತ್ತೆ, ಹಾಗಾಗಿ ಕ್ರೆಡಿಟ್ಟೂ ಕಮ್ಮಿ. ಇದು ಆ ಪದ್ಧತಿಯ ನಿಜವಾದ ಅನ್ಯಾಯ ಅಂತ ನನಗನ್ಸತ್ತೆ, ಸಂಪ್ರದಾಯ ಬಿಡದೆ ಉಳಿಸ್ಕೊಂಡು ಬಂದೋರಿಗೇ ಕಮ್ಮಿ ಸಿಗೋದು.

ಹೆಜ್ಜೆ 4: ನೋಂದಣಿ

ಆಸ್ಟ್ರೇಲಿಯಾದಲ್ಲಿ ಇದಕ್ಕೆ ಆಧಾರ 2011ರ ಕಾರ್ಬನ್ ಕ್ರೆಡಿಟ್ಸ್ ಕಾನೂನು, ನಡೆಸೋದು ಕ್ಲೀನ್ ಎನರ್ಜಿ ರೆಗ್ಯುಲೇಟರ್ ಅನ್ನೋ ಸರ್ಕಾರಿ ಸಂಸ್ಥೆ. ಹೊಸ ಬೆಂಕಿ ಕೆಲಸ ಶುರು ಮಾಡೋ ಮುಂಚೆನೇ ಅರ್ಜಿ ಹಾಕ್ಬೇಕು. ಸವನ್ನಾ ಬೆಂಕಿಯ ವಿಧಾನಗಳು 2012ರಿಂದ ಹಲವು ಸಲ ಪರಿಷ್ಕರಣೆ ಆಗಿವೆ. 2018ರಲ್ಲಿ ಎರಡು ಬಂದ್ವು, ಒಂದು ಬರೀ ಹೊರಸೂಸುವಿಕೆ ಕಡಿತಕ್ಕೆ, ಇನ್ನೊಂದು ಅದರ ಜೊತೆಗೆ ನೆಲಕ್ಕೆ ಬಿದ್ದ ಮರದ ದಿಮ್ಮಿಗಳಲ್ಲಿ ಉಳಿಯೋ ಇಂಗಾಲಕ್ಕೂ. ಎರಡನೇದು ಆರಿಸಿದ್ರೆ ಕ್ರೆಡಿಟ್ ಜಾಸ್ತಿ, ಆದ್ರೆ 25 ಇಲ್ಲಾ 100 ವರ್ಷ ಆ ಇಂಗಾಲ ಉಳಿಸ್ತೀವಿ ಅಂತ ಕಟ್ಟುಬೀಳ್ಬೇಕು. ಮೊಮ್ಮಕ್ಕಳ ಕಾಲದ ಬೆಂಕಿಗೂ ಈವತ್ತೇ ಸಹಿ ಹಾಕಿದ ಹಾಗೆ, ಅದನ್ನ ಕೂತು ಯೋಚಿಸಿ. ಅರ್ಜಿ ಹಾಕೋ ದಿನ ಚಾಲ್ತಿಯಲ್ಲಿರೋ ವಿಧಾನ ಯಾವುದು ಅಂತ ರೆಗ್ಯುಲೇಟರ್ ಸೈಟಲ್ಲೇ ನೋಡ್ಕೊಳ್ಳಿ.

ಹೆಜ್ಜೆ 5: ಬೆಂಕಿ ಹಾಕೋದು

ಮಳೆಗಾಲದ ಕೊನೆಗೆ ಬರೋ ಗಾಳಿಮಳೆ ಎತ್ತರದ ಹುಲ್ಲನ್ನ ನೆಲಕ್ಕೆ ಮಲಗಿಸತ್ತೆ. ಅದು ಒಣಗೋಕೆ ಶುರುವಾದ ಕೂಡ್ಲೇ ಕೆಲಸ ಆರಂಭ. ಎತ್ತರದ ಜಾಗ ಮೊದಲು ಒಣಗತ್ತೆ, ಹಳ್ಳದ ಬದಿ ಹಸಿಯಾಗೇ ಇರತ್ತೆ, ಆದ್ರಿಂದ ಮೊದಲು ದಿಣ್ಣೆಗಳಲ್ಲಿ ಹಾಕ್ತಾರೆ, ಬೆಂಕಿ ಇಳಿಜಾರಲ್ಲಿ ಇಳಿದು ಬಂದು ಹಸಿ ಹುಲ್ಲು ಸಿಕ್ಕಿದ ಕಡೆ ನಿಲ್ಲತ್ತೆ. ಕೆಲವು ವಾರ ಬಿಟ್ಟು ಇನ್ನೊಂದು ಪಟ್ಟಿ. ಹೀಗೆ ಏಪ್ರಿಲ್‌ನಿಂದ ಜುಲೈ ತನಕ ಸುಟ್ಟ ಜಾಗ, ಸುಡದ ಜಾಗ ಸೇರಿ ಚದುರಂಗದ ಮಣೆ ಥರ ಆಗತ್ತೆ. ಮನೆ, ಬಂಡೆಚಿತ್ರಗಳಿರೋ ಗುಹೆ, ಬೆಂಕಿ ತಡೆಯದ ಮಳೆಕಾಡಿನ ತುಣುಕುಗಳು, ಇವುಗಳ ಸುತ್ತ ಕಾಲ್ನಡಿಗೆಯಲ್ಲಿ ಹೋಗಿ ಡ್ರಿಪ್ ಟಾರ್ಚ್‌ನಿಂದ ಸುಡ್ತಾರೆ. ಡ್ರಿಪ್ ಟಾರ್ಚ್ ಅಂದ್ರೆ ಕೈಯಲ್ಲಿ ಹಿಡಿಯೋ ಡಬ್ಬಿ, ಬತ್ತಿ ಹತ್ತಿಕೊಂಡಿರತ್ತೆ, ಬಗ್ಗಿಸಿದ್ರೆ ಉರಿಯೋ ಎಣ್ಣೆ ಹನಿ ಹನಿಯಾಗಿ ಬೀಳತ್ತೆ.

ದೂರದ ಜಾಗಗಳಿಗೆ ಹೆಲಿಕಾಪ್ಟರ್. ಅದರೊಳಗೆ ಒಂದು ಮಷೀನು, ಪೊಟ್ಯಾಶಿಯಂ ಪರ್ಮಾಂಗನೇಟ್ ತುಂಬಿದ ಚಿಕ್ಕ ಗುಳಿಗೆಗಳು. ಮಷೀನು ಒಂದೊಂದಕ್ಕೂ ಸೂಜಿಯಲ್ಲಿ ಗ್ಲೈಕಾಲ್ ಚುಚ್ಚಿ ಕೆಳಗೆ ಬಿಡತ್ತೆ, ಎರಡೂ ಸೇರಿದ ಸ್ವಲ್ಪ ಹೊತ್ತಿಗೆ, ಅಂದ್ರೆ ನೆಲಕ್ಕೆ ಬಿದ್ದ ಮೇಲೆ, ಗುಳಿಗೆ ತಾನಾಗೇ ಹತ್ತಿಕೊಳ್ಳತ್ತೆ. ಎಲ್ಲಿ ಬಿಡ್ಬೇಕು ಅನ್ನೋದನ್ನ ಆ ಜಾಗಕ್ಕೆ ಸೇರಿದ ಕುಲದ ಹಿರಿಯರನ್ನ ಕೂರಿಸ್ಕೊಂಡು ಮ್ಯಾಪ್ ಮುಂದಿಟ್ಟು ತೀರ್ಮಾನ ಮಾಡ್ತಾರೆ. ಜನ ಊರು ಬಿಟ್ಟು ಪಟ್ಟಣಗಳಿಗೆ ಹೋದ್ಮೇಲೆ ಈ ಬೆಂಕಿ ನಿಂತು ನಾಡೆಲ್ಲ ತಡದ ಬೆಂಕಿಗೆ ಬಲಿಯಾಗ್ತಿತ್ತು. ಲಾಫ್ಟಿ ಬರ್ದಯಲ್ ನಜಮೆರ್ರೆಕ್ ಅನ್ನೋ ಹಿರಿಯರು ಜನರನ್ನ ವಾಪಸ್ ತಮ್ಮ ನಾಡಿಗೆ ಕರ್ಕೊಂಡು ಹೋಗಿ ಬೆಂಕಿಯ ಕ್ರಮ ಮತ್ತೆ ಶುರು ಮಾಡಿಸಿದ್ರು, ಜೆರೆಮಿ ರಸೆಲ್-ಸ್ಮಿತ್ ಥರದ ವಿಜ್ಞಾನಿಗಳು ಅದರ ಜೊತೆ ನಿಂತು ಅಳತೆ ಮಾಡಿದ್ರು. ಇವತ್ತಿನ ಸೂತ್ರ ಹುಟ್ಟಿದ್ದು ಆ ಜೊತೆಯಿಂದ.

ಬೇಗ ಸುಟ್ಟು ಮನೆಗೆ ಹೋಗೋ ಹಾಗೂ ಇಲ್ಲ. ಆಗಸ್ಟ್ ಆದ್ಮೇಲೆ ಹತ್ತೋ ಬೆಂಕಿಗಳನ್ನ ಬ್ಲೋವರ್ (ಜೋರಾಗಿ ಗಾಳಿ ಊದೋ ಮಷೀನು) ಹಿಡ್ಕೊಂಡು ಹೋಗಿ ಆರಿಸ್ಬೇಕು, ಇಲ್ದಿದ್ರೆ ಅಷ್ಟೂ ತಿಂಗಳ ಕೆಲಸ ಒಂದೇ ವಾರದಲ್ಲಿ ಹೋಗತ್ತೆ.

ಹೆಜ್ಜೆ 6: ಲೆಕ್ಕ

ಸೂತ್ರ ಕೇಳೋಕೆ ಉದ್ದ, ಒಳಗೆ ಸರಳ. ಸುಟ್ಟ ವಿಸ್ತೀರ್ಣ, ಅದರೊಳಗೆ ನಿಜವಾಗಿ ಎಷ್ಟು ಭಾಗ ಸುಟ್ಟಿದೆ, ಹೆಕ್ಟೇರ್‌ಗೆ ಎಷ್ಟು ಒಣ ಸೌದೆ-ಹುಲ್ಲು ಇತ್ತು, ಅದರಲ್ಲಿ ಎಷ್ಟು ಪಾಲು ಉರೀತು, ಉರಿದಿದ್ರಲ್ಲಿ ಎಷ್ಟು ಮೀಥೇನ್, ಎಷ್ಟು ನೈಟ್ರಸ್ ಆಕ್ಸೈಡ್ ಆಯ್ತು. ಇಷ್ಟನ್ನೂ ಗುಣಿಸ್ತಾ ಹೋಗೋದು. ಇಂಧನವನ್ನ ನಾಲ್ಕು ಬಗೆ ಮಾಡ್ತಾರೆ: 6 ಮಿಲಿಮೀಟರ್‌ಗಿಂತ ಸಣ್ಣ ಹುಲ್ಲು ಎಲೆ, 6 ಮಿಲಿಮೀಟರ್‌ನಿಂದ 5 ಸೆಂಟಿಮೀಟರ್ ಕಡ್ಡಿ, ಅದಕ್ಕಿಂತ ದಪ್ಪ ದಿಮ್ಮಿ, ಆಮೇಲೆ ಪೊದೆ. ಜಾಸ್ತಿ ಮಳೆಯ ಕಡೆ ಬೇಗದ ಬೆಂಕಿಯ ಗುರುತಿನೊಳಗೆ ಸುಮಾರು 70 ಪರ್ಸೆಂಟ್ ನೆಲ ಮಾತ್ರ ನಿಜವಾಗಿ ಸುಟ್ಟಿರತ್ತೆ, ತಡದ್ದರಲ್ಲಿ 90ರ ಹತ್ತಿರ. ದಿಮ್ಮಿಗಳಂತೂ ತಡದ ಬೆಂಕಿಗೇ ಜಾಸ್ತಿ ಸಿಗೋದು. ಕಡಿತ ಎಲ್ಲಿಂದ ಬರತ್ತೆ ಅಂತ ಈಗ ಗೊತ್ತಾಯ್ತಲ್ಲ. ಈ ಲೆಕ್ಕ ಮಾಡೋಕೆ ಸಾವ್‌ಬ್ಯಾಟ್ ಅಂತ ಸರ್ಕಾರಿ ಟೂಲ್ ಇದೆ, ಮ್ಯಾಪ್ ಹಾಕಿದ್ರೆ ಟನ್ ಕೊಡತ್ತೆ.

ಒಂದು ಉದಾಹರಣೆ, ಸಂಖ್ಯೆಗಳು ಅರ್ಥ ಆಗ್ಲಿ ಅಂತ ನಾನೇ ಹಾಕ್ಕೊಂಡಿದ್ದು. 1 ಲಕ್ಷ ಹೆಕ್ಟೇರ್ ಜಾಗ, ಬೇಸ್‌ಲೈನ್ ವರ್ಷಕ್ಕೆ 12,000 ಟನ್. ಈ ವರ್ಷ ಬೇಗ ಸುಟ್ಟಿದ್ದೂ ಕೊನೆಗೆ ಹತ್ತಿದ್ದೂ ಸೇರಿ 8,000. ಕಡಿತ 4,000. ಹೆಲಿಕಾಪ್ಟರ್, ಗಾಡಿಗಳಿಗೆ ಸುಟ್ಟ ಎಣ್ಣೆಯ ಲೆಕ್ಕ 60 ಟನ್ ಅನ್ಕೊಳ್ಳಿ, ಅದನ್ನೂ ಕಳೀಬೇಕು. ಉಳಿದಿದ್ದು 3,940 ಟನ್, ಅಷ್ಟೇ ಕ್ರೆಡಿಟ್. 35 ಡಾಲರ್ ದರ ಆದ್ರೆ 1,37,900 ಡಾಲರ್. ಇದರಲ್ಲೇ ರೇಂಜರ್‌ಗಳ ಸಂಬಳ, ಹೆಲಿಕಾಪ್ಟರ್ ಬಾಡಿಗೆ, ಆಡಿಟ್ ಖರ್ಚು. ಮುಂದಿನ ವರ್ಷ ಕೆಟ್ಟ ಬೆಂಕಿ ಬಂದು 13,000 ಟನ್ ಹೊರಸೂಸುವಿಕೆ ಆಯ್ತು ಅಂದ್ರೆ ಕ್ರೆಡಿಟ್ ಸೊನ್ನೆ, ಜೊತೆಗೆ ಆ ಕೊರತೆ ತುಂಬಿಸಿದ ಮೇಲೇ ಹೊಸ ಕ್ರೆಡಿಟ್. ಒಳ್ಳೇ ವರ್ಷದ ದುಡ್ಡಲ್ಲಿ ಸ್ವಲ್ಪ ಎತ್ತಿಡದೆ ಇದ್ರೆ ಸಂಬಳ ಕೊಡೋಕೇ ಕಷ್ಟ ಆಗತ್ತೆ.

ಹೆಜ್ಜೆ 7: ವರದಿ, ಆಡಿಟ್, ಮಾರಾಟ

ವರದಿ ಸಲ್ಲಿಸಿ, ಆಡಿಟ್ ಆದ್ಮೇಲೆ ರಿಜಿಸ್ಟ್ರಿ ಖಾತೆಗೆ ಕ್ರೆಡಿಟ್ ಬೀಳತ್ತೆ, ಒಂದು ಟನ್‌ಗೆ ಒಂದು. ಸರ್ಕಾರಕ್ಕೆ ಒಪ್ಪಂದದ ಮೇಲೆ ಮಾರಬಹುದು, ಕಂಪನಿಗಳಿಗೂ ಮಾರಬಹುದು. ಸಮುದಾಯದ ಕೆಲಸ ಅನ್ನೋ ಕಾರಣಕ್ಕೆ ಸ್ವಲ್ಪ ಜಾಸ್ತಿ ಕೊಡೋ ಖರೀದಿದಾರರೂ ಇದಾರೆ. ನೀವು ಬೆಂಗಳೂರಿನ ಕಂಪನಿ ಪರವಾಗಿ ಇಂಥದ್ದನ್ನ ಕೊಳ್ಳೋರಾದ್ರೆ ಇಷ್ಟು ಕೇಳಿ: ಯಾವ ವರ್ಷದ ಕ್ರೆಡಿಟ್, ಯಾವ ವಿಧಾನ, ಜಾಗದ ಜನರಿಗೆ ಎಷ್ಟು ಪಾಲು, ನಿಮ್ಮ ಹೆಸರಲ್ಲಿ ರಿಜಿಸ್ಟ್ರಿಯಲ್ಲಿ ಕ್ಯಾನ್ಸಲ್ ಮಾಡಿ, ಅಂದ್ರೆ ಮತ್ತೆ ಯಾರಿಗೂ ಮಾರೋಕಾಗದ ಹಾಗೆ ಮಾಡಿ ಕೊಡ್ತಾರಾ. ಕೊನೇದಕ್ಕೆ ಹೌದು ಅನ್ನದೆ ಇದ್ರೆ ಬರೀ ಸರ್ಟಿಫಿಕೇಟ್ ಪಿಡಿಎಫ್ ತಗೊಂಡು ಪ್ರಯೋಜನ ಇಲ್ಲ.

ಹಾಗಾದ್ರೆ ಕರ್ನಾಟಕದಲ್ಲಿ?

ಈಗ ಆಗಲ್ಲ. 1972ರ ವನ್ಯಜೀವಿ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯದಲ್ಲಿ ಬೆಂಕಿ ಹಾಕೋದನ್ನ ನಿಷೇಧಿಸತ್ತೆ, ಮೀಸಲು ಅರಣ್ಯದಲ್ಲೂ ಅದು ಅಪರಾಧ. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸುಡೋದು ಅರಣ್ಯ ಇಲಾಖೆ ಕೆಲಸ, ನೀವು ನಾವು ಕಡ್ಡಿ ಗೀರೋ ಹಾಗಿಲ್ಲ. ಭಾರತದ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್ ಸ್ಕೀಮ್ 2023ರ ಜೂನ್‌ನಲ್ಲಿ ಬಂತು, 2025ರ ಮಾರ್ಚ್‌ನಲ್ಲಿ ಆಫ್‌ಸೆಟ್‌ಗೆ (ಹೀಗೆ ಕಡಿತ ಮಾಡಿ ಕ್ರೆಡಿಟ್ ಗಳಿಸೋ ಪ್ರಾಜೆಕ್ಟ್‌ಗಳಿಗೆ) 8 ವಿಧಾನ ಒಪ್ಪಿದ್ರು, ಅದರಲ್ಲಿ ಮ್ಯಾಂಗ್ರೋವ್ ಇದೆ, ಕಸದ ಗುಡ್ಡೆಯ ಮೀಥೇನ್ ಇದೆ, ಸವನ್ನಾ ಬೆಂಕಿ ಇಲ್ಲ.

ಆದ್ರೆ ವಿಷಯ ನಮಗೆ ಹೊಸದೇನಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಹಾಕ್ತಿದ್ರು, ಚಳಿ ಮುಗಿಯೋ ಹೊತ್ತಿಗೆ, ನೆಲದ ತರಗೆಲೆ ಮಾತ್ರ ಸುಡೋ ಹಾಗೆ. 1974ರಲ್ಲಿ ಅದು ಅಭಯಾರಣ್ಯ ಆಯ್ತು, ಬೆಂಕಿ ನಿಂತು ಹೋಯ್ತು. ಆಮೇಲೆ ಲಂಟಾನ ಅನ್ನೋ ಕಳೆಪೊದೆ ಕಾಡೆಲ್ಲ ತುಂಬಿಕೊಳ್ತು, ಬೆಂಕಿ ನಿಲ್ಸಿದ್ದೇ ಇದಕ್ಕೆ ಕಾರಣ ಅಂತ ಸೋಲಿಗರು ಹೇಳ್ತಾ ಬಂದಿದಾರೆ, ಬೆಂಗಳೂರಿನ ಏಟ್ರೀ ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯವರು ಅದನ್ನ ಅಲ್ಲೇ ಇದ್ದು ಅಧ್ಯಯನ ಮಾಡಿದಾರೆ. ನಮ್ಮ ಒಣ ಎಲೆಯುದುರೋ ಕಾಡುಗಳಲ್ಲಿ ಬಹಳಷ್ಟು ನಿಜವಾಗಿ ಸವನ್ನಾಗಳೇ ಅಂತ ಜಿಕೆವಿಕೆ ಕ್ಯಾಂಪಸ್‌ನ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಾದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತವರ ಜೊತೆಗಾರರು ವಾದಿಸಿದಾರೆ. ಹಾಗಂತ ನಾಳೆನೇ ತರಗು ಬೆಂಕಿ ವಾಪಸ್ ತರೋಕೂ ಆಗಲ್ಲ, ಆಳೆತ್ತರ ಲಂಟಾನ ನಿಂತಿರುವಾಗ ಹಾಕಿದ್ರೆ ಬೆಂಕಿ ಅದನ್ನ ಹತ್ಕೊಂಡು ಮರದ ತಲೆಗೇ ಹೋಗತ್ತೆ. ಮೊದಲು ಲಂಟಾನ ಕೀಳ್ಬೇಕು. ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿದೆ, ಕರ್ನಾಟಕದಲ್ಲಿ ಯಾವತ್ತಾದ್ರೂ ಇಂಥ ಕ್ರೆಡಿಟ್ ಬಂದ್ರೆ ಅದು ಅವರ ಹಕ್ಕಿನಿಂದಲೇ ಶುರುವಾಗ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅಲ್ಲೀವರೆಗೆ ನಾವು ಮಾಡಬಹುದಾದ ಕೆಲಸ ಬೇಸ್‌ಲೈನ್‌ದು, ಅದಕ್ಕೆ ಯಾರ ಪರ್ಮಿಷನ್ನೂ ಬೇಡ, ಲ್ಯಾಪ್‌ಟಾಪ್ ಸಾಕು. ಕ್ಯೂಜಿಐಎಸ್ ಅನ್ನೋ ಫ್ರೀ ಮ್ಯಾಪಿಂಗ್ ಸಾಫ್ಟ್‌ವೇರ್ ಹಾಕ್ಕೊಳ್ಳಿ. ಅಭ್ಯಾಸಕ್ಕೆ ಬಂಡೀಪುರದ 2019ರ ಬೆಂಕಿ ತಗೊಳ್ಳಿ, ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಫ್ರೀ, ಫೆಬ್ರವರಿ ಮಧ್ಯದ್ದೊಂದು, ಮಾರ್ಚ್ ಶುರುವಿನದ್ದೊಂದು ಇಳಿಸಿ. ಅವುಗಳ ಬ್ಯಾಂಡ್ (ಉಪಗ್ರಹ ಬೇರೆ ಬೇರೆಯಾಗಿ ಅಳೆಯೋ ಬೆಳಕಿನ ಪಟ್ಟಿ) 8 ಮತ್ತು 12ರ ವ್ಯತ್ಯಾಸವನ್ನ ಅವೆರಡರ ಮೊತ್ತದಿಂದ ಭಾಗಿಸಿ, ಮೊದಲಿನ ಚಿತ್ರದಲ್ಲಿ ಬಂದ ಸಂಖ್ಯೆಯಿಂದ ಆಮೇಲಿನದ್ದನ್ನ ಕಳೀರಿ, ಸುಟ್ಟ ಜಾಗ ಎದ್ದು ಕಾಣತ್ತೆ. ಆಮೇಲೆ ಫಾರೆಸ್ಟ್ ಸರ್ವೇ ಆಫ್ ಇಂಡಿಯಾ ಕೊಡೋ ಬೆಂಕಿ ಎಚ್ಚರಿಕೆ ಪಾಯಿಂಟ್‌ಗಳನ್ನ ಅದರ ಮೇಲೆ ಹಾಕಿ, ಎಷ್ಟು ತಪ್ಪಿಹೋಗಿದೆ ನೋಡಿ. ಇದು ಕೈಗೆ ಬಂದ್ಮೇಲೆ ಹೆಸರಘಟ್ಟದ ಹುಲ್ಲುಗಾವಲಿಗೋ ನಿಮ್ಮೂರಿನ ಅಮೃತಮಹಲ್ ಕಾವಲಿಗೋ ವರ್ಷವಾರು ಇದೇ ಮ್ಯಾಪ್ ಮಾಡಿ. ನಮ್ಮ ಕಡೆ ಬೆಂಕಿ ಕಾಲ ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್, ಆವಾಗ ಆಕಾಶದಲ್ಲಿ ಮೋಡವೂ ಕಮ್ಮಿ, ಚಿತ್ರ ಚೆನ್ನಾಗಿ ಸಿಗತ್ತೆ. ಚಿಕ್ಕ ಹುಲ್ಲುಗಾವಲಿನ ಕರಿ ಗುರುತು ಒಂದು ಮಳೆ ಬಿದ್ರೆ ಹಸಿರಾಗಿ ಮಾಯ ಆಗತ್ತೆ, ಅದಕ್ಕೆ ಐದು ದಿನಕ್ಕೊಮ್ಮೆ ಬರೋ ಪ್ರತಿ ಚಿತ್ರವನ್ನೂ ನೋಡಿ, ತಿಂಗಳಿಗೊಂದು ಸಾಲಲ್ಲ.